ವಿದೇಶದ ವ್ಯವಹಾರವಿದ್ಯೆಯೂ ನಮ್ಮೂರ ಆಸ್ಪತ್ರೆಯೂ



ಇಂಥ ಸ್ಮರಣಸಂಚಿಕೆಗಳಲ್ಲಿ ಶಾಲೆಯ ಫಲಿತಾಂಶ, ಕಟ್ಟಡ, ದಾನಿಗಳ ಔದಾರ್ಯ ಮುಂತಾದುವನ್ನು ಕುರಿತು ಮುಖ್ಯೋಪಾಧ್ಯಾಯಿನಿಯು ನಾಲ್ಕು ಮಾತು ಬರೆಯುವುದು ವಾಡಿಕೆಯಾಗಿರುವುದು. ಆ ಸಂಗತಿಗಳೆಲ್ಲವೂ ವರದಿಯಲ್ಲಿ ಬಂದಿರುವುದರಿಂದ, ನಾವು ಇಲ್ಲಿ ಬೇರೊಂದು ವಿಷಯವನ್ನು ಎತ್ತಿಕೊಳ್ಳಲು ನಿಮ್ಮ ಅಪ್ಪಣೆಯನ್ನು ಬೇಡುತ್ತೇವೆ.

ಕಳೆದ ವರ್ಷ ಅಡಿಕೆ ಕೊಯ್ಲು ಮುಗಿದ ಮೇಲೆ, ಚನ್ನಗಿರಿ ತಾಲ್ಲೂಕಿನ ಒಬ್ಬ ತಂದೆಯವರು ಮಗಳನ್ನು ಕರೆದುಕೊಂಡು ನಮ್ಮ ಕೊಠಡಿಗೆ ಬಂದರು. ಆಕೆಯು ನಮ್ಮ ವಿದ್ಯಾರ್ಥಿನಿಲಯದಲ್ಲಿಯೇ ಬೆಳೆದವಳು. ಔಷಧಶಾಸ್ತ್ರದಲ್ಲಿ ಪದವಿಯನ್ನು ಪಡೆದು, ನಾಲ್ಕು ವರ್ಷಗಳಿಂದ ಬೆಂಗಳೂರಿನಲ್ಲಿ ಕೆಲಸದಲ್ಲಿರುವಳು. ಈಗ ಆಕೆಗೆ ವಿದೇಶಕ್ಕೆ ಹೋಗಿ ಎಂ.ಬಿ.ಎ. ಎಂಬ ವ್ಯವಹಾರಾಡಳಿತ ಪದವಿಯನ್ನು ಓದಬೇಕೆಂದೂ, ಹಿಂದಿರುಗಿ ಬಂದು ನಮ್ಮ ಸೀಮೆಯ ಹಳ್ಳಿಗಳಿಗೆ ಅನುಕೂಲವಾಗುವಂಥ ಆಸ್ಪತ್ರೆಯನ್ನೂ ರಕ್ತಪರೀಕ್ಷೆಯ ಪ್ರಯೋಗಶಾಲೆಯನ್ನೂ ಸ್ಥಾಪಿಸಬೇಕೆಂದೂ ಆಸೆ. ತಂದೆಯವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಕೊನೆಗೆ, “ಅಮ್ಮನವರೇ, ಇದಕ್ಕೆ ಎರಡೆಕರೆ ತೋಟ ಮಾರಬೇಕಾಗುತ್ತದೆ. ಮಾರಲೋ ಬೇಡವೋ, ನೀವು ಹೇಳಿದಂತೆ” ಎಂದರು.

ನಾವು ಆ ದಿನ ಉತ್ತರ ಕೊಡಲಿಲ್ಲ. ಎರಡೆಕರೆ ತೋಟವೆಂದರೆ ಒಂದು ಮನೆಯ ಮೂರು ತಲೆಯ ಬೆವರು. ಅದನ್ನು ಕುರಿತು ಒಂದು ಗಳಿಗೆಯಲ್ಲಿ ಹೂಂ ಎನ್ನುವುದೂ ಉಹೂಂ ಎನ್ನುವುದೂ ಎರಡೂ ಉದ್ಧಟತನವಾಗುತ್ತಿತ್ತು. ಅನಂತರ ನ್ಯಾಮತಿಯಿಂದ ಒಬ್ಬ ತಾಯಿಯೂ, ಹೊನ್ನಾಳಿಯಿಂದ ಮತ್ತೊಬ್ಬ ತಂದೆಯೂ ಇಂಥದೇ ಪ್ರಶ್ನೆಯನ್ನು ತಂದರು. ಆದಕಾರಣ ನಾವು ವಿಚಾರಿಸಿ ತಿಳಿದುದನ್ನೂ, ನಮ್ಮ ಅಭಿಪ್ರಾಯವನ್ನೂ ಎಲ್ಲರಿಗೂ ತಲುಪುವಂತೆ ಬರೆದಿಡುವುದು ಲೇಸೆಂದು ತೋರಿತು.

ಈ ವಿದ್ಯೆಯು ಯಾವುದೆಂಬುದನ್ನು ಮೊದಲು ತಿಳಿಯೋಣ. ಈ ಪದವಿಯ ತರಗತಿಗಳು ಅಮೇರಿಕಾದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ೧೯೦೮ರಲ್ಲಿ ಆರಂಭವಾದುವು. ಲೆಕ್ಕಪತ್ರ, ಬಂಡವಾಳ, ಮಾರಾಟ, ಜನರನ್ನು ಕೂಡಿಸಿ ಕೆಲಸ ಮಾಡಿಸುವ ಕ್ರಮ, ಇವೇ ಮುಖ್ಯ ಪಾಠಗಳು. ಅಮೇರಿಕಾದಲ್ಲಿ ಸಾಧಾರಣವಾಗಿ ಎರಡು ವರ್ಷ. ಫ್ರಾನ್ಸ್ ದೇಶದಲ್ಲಿ ೧೯೫೭ರಲ್ಲಿ ಹುಟ್ಟಿದ ಇನ್ಸಿಯಾಡ್ ಎಂಬ ಶಾಲೆಯಲ್ಲಿ ಹತ್ತು ತಿಂಗಳು. ವಾರ್ಟನ್, ಡ್ಯೂಕ್ ಮುಂತಾದ ಕಡೆಗಳಲ್ಲಿ ಆರೋಗ್ಯ ಸಂಸ್ಥೆಗಳ ಆಡಳಿತವನ್ನೇ ವಿಶೇಷವಾಗಿ ಕಲಿಸುವ ವಿಭಾಗಗಳುಂಟು. ಸೇರಬೇಕಾದರೆ ಪದವಿಯೊಂದೇ ಸಾಲದು. ಕೆಲವು ವರ್ಷ ದುಡಿದ ಅನುಭವವಿರಬೇಕು. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳಿರಬೇಕು. ನಾನು ಏತಕ್ಕೆ ಓದುತ್ತೇನೆಂಬುದನ್ನು ಸ್ಪಷ್ಟವಾಗಿ ಬರೆದು ಒಪ್ಪಿಸಬೇಕು. ವೆಚ್ಚವೋ, ಅಮೇರಿಕಾದ ಹೆಸರುವಾಸಿ ಶಾಲೆಗಳಲ್ಲಿ ಊಟವಸತಿಗಳನ್ನೂ ಸೇರಿಸಿದರೆ ಒಂದು ಕೋಟಿ ರೂಪಾಯಿಗಳನ್ನು ಮೀರುವುದು ಸಾಮಾನ್ಯ.

ನ್ಯಾಮತಿಯ ತಾಯಿಯವರ ಪ್ರಶ್ನೆಯು ಹೀಗಿತ್ತು: “ಆಸ್ಪತ್ರೆಯೆಂದರೆ ದಯೆಯ ಕೆಲಸವಲ್ಲವೆ? ಅದಕ್ಕೆ ವ್ಯಾಪಾರದ ಓದು ಏತಕ್ಕೆ? ಡಾಕ್ಟರು ಒಳ್ಳೆಯವರಾಗಿದ್ದರೆ ಸಾಲದೆ?” ಈ ಪ್ರಶ್ನೆಯನ್ನು ಕೇಳಿ ನಮಗೆ ಸಂತೋಷವಾಯಿತು, ಏತಕ್ಕೆಂದರೆ ನಾವೂ ಬಹುಕಾಲ ಹೀಗೆಯೇ ಎಣಿಸಿದ್ದೆವು. ಮೈಸೂರಿನಲ್ಲಿ ೧೯೦೬ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಂಥ ಮಿಷನ್ ಸಂಸ್ಥೆಗಳ ವಾತಾವರಣದಲ್ಲಿ ಬೆಳೆದ ನಮಗೆ, ರೋಗಿಯ ಮುಂದೆ ಹಣದ ಮಾತೆತ್ತುವುದೇ ನಾಚಿಕೆಯ ಸಂಗತಿಯೆಂದು ತೋರುತ್ತಿತ್ತು. ಆದರೆ ಆ ಸಂಸ್ಥೆಗಳ ಚರಿತ್ರೆಯನ್ನು ಸ್ವಲ್ಪ ಒಳಹೊಕ್ಕು ನೋಡಿದರೆ ಬೇರೆಯ ಪಾಠವೇ ಕಾಣುತ್ತದೆ. ವೆಲ್ಲೂರಿನ ಐಡಾ ಸ್ಕಡರ್ ಅವರು ಅಮೇರಿಕಾದ ಕಾರ್ನೆಲ್ ವೈದ್ಯಶಾಲೆಯಲ್ಲಿ ೧೮೯೯ರಲ್ಲಿ ಪದವಿ ಹೊಂದಿದೊಡನೆ ಬರಿಗೈಯಲ್ಲಿ ಹಡಗು ಹತ್ತಲಿಲ್ಲ. ಮೊದಲು ಆಸ್ಪತ್ರೆಯ ಕಟ್ಟಡಕ್ಕಾಗಿ ಹಣ ಕೂಡಿಸಲು ಹೊರಟು, ಶೆಲ್ ಎಂಬ ಧನಿಕರಿಂದ ೧೦,೦೦೦ ಡಾಲರುಗಳನ್ನು ಸಂಪಾದಿಸಿದರು. ೧೯೦೦ರಲ್ಲಿ ಒಂದೇ ಹಾಸಿಗೆಯಿಂದ ಕೆಲಸವನ್ನು ತೊಡಗಿ, ೧೯೦೨ರಲ್ಲಿ ಆಸ್ಪತ್ರೆಯನ್ನೂ, ೧೯೦೯ರಲ್ಲಿ ದಾದಿಯರ ಶಾಲೆಯನ್ನೂ, ೧೯೧೮ರಲ್ಲಿ ಸ್ತ್ರೀಯರಿಗಾಗಿ ವೈದ್ಯಶಾಲೆಯನ್ನೂ ತೆರೆದರು. ಒಂದು ನಿಂತ ಮೇಲೆ ಮತ್ತೊಂದು. ಒಂದರ ಬಲದ ಮೇಲೆ ಮತ್ತೊಂದು. ಇದು ದಯೆ ಮಾತ್ರವಲ್ಲ; ಇದರಲ್ಲಿ ಲೆಕ್ಕವೂ ಉಂಟು, ಮುಂದಾಲೋಚನೆಯೂ ಉಂಟು.

ನಮ್ಮ ಸೀಮೆಯವರಿಗೆ ಇದನ್ನು ತಿಳಿಯಹೇಳಲು ದೂರ ಹೋಗಬೇಕಾದುದಿಲ್ಲ. ಚನ್ನಗಿರಿಯ ಸೂಳೆಕೆರೆಯನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಶಾಂತವ್ವೆಯೆಂಬ ಒಬ್ಬ ಹೆಣ್ಣುಮಗಳು ಅದನ್ನು ಕಟ್ಟಿಸಿದಳೆಂದು ಸ್ಥಳಪುರಾಣವು ಹೇಳುತ್ತದೆ. ಆ ಕೆರೆಗೆ ನೀರು ಬರುವುದು ದೇವರ ಮಳೆಯಿಂದ. ಆದರೆ ಆ ನೀರು ಗದ್ದೆಗೆ ಮುಟ್ಟುವುದು ತೂಬಿನಿಂದ. ತೂಬಿಲ್ಲದಿದ್ದರೆ ನೀರು ನಿಂತಲ್ಲೇ ಇಂಗೀತು, ಇಲ್ಲವೆ ಏರಿಯನ್ನೊಡೆದು ಹರಿದುಹೋದೀತು. ದಯೆಗೆ ಆಡಳಿತವೂ ಹಾಗೆಯೇ. ದಯೆಯೊಂದನ್ನೇ ನಂಬಿ ತೆರೆದ ಎಷ್ಟೋ ಔಷಧಾಲಯಗಳು, ದಾನಿಯು ಕಾಲವಾದೊಡನೆ ಬೀಗ ಹಾಕಿಕೊಂಡಿರುವುದನ್ನು ನಾವು ಕಂಡಿರುವೆವು.

ತೂಬನ್ನು ಚೆನ್ನಾಗಿ ಇಟ್ಟವರ ಉದಾಹರಣೆಗಳೂ ಉಂಟು. ಮಧುರೆಯಲ್ಲಿ ಡಾಕ್ಟರ್ ಗೋವಿಂದಪ್ಪ ವೆಂಕಟಸ್ವಾಮಿಯವರು ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ, ೧೯೭೬ರಲ್ಲಿ ೧೧ ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆಯನ್ನು ಸ್ಥಾಪಿಸಿದರು. ಹಣವುಳ್ಳವರು ಕೊಟ್ಟ ಶುಲ್ಕದಿಂದ ಇಲ್ಲದವರ ಕಣ್ಣಿನ ಚಿಕಿತ್ಸೆಯೂ ನಡೆಯುವಂತೆ ಕೆಲಸವನ್ನು ಏರ್ಪಡಿಸಿದರು. ಒಬ್ಬ ವೈದ್ಯರು ಒಂದು ಶಸ್ತ್ರಚಿಕಿತ್ಸೆಯನ್ನು ಮುಗಿಸುವಷ್ಟರಲ್ಲಿ ಮುಂದಿನ ರೋಗಿಯನ್ನು ದಾದಿಯರು ಸಿದ್ಧಪಡಿಸಿರುವರು. ಆ ದಾದಿಯರಲ್ಲಿ ಬಹುಮಂದಿ ಹಳ್ಳಿಗಳಿಂದ ಬಂದು ಅಲ್ಲಿಯೇ ತರಬೇತು ಹೊಂದಿದ ಹೆಣ್ಣುಮಕ್ಕಳು. ಕಣ್ಣಿನೊಳಗೆ ಇಡುವ ಮಸೂರಗಳನ್ನು ಹೊರದೇಶದಿಂದ ತರಿಸುವುದು ದುಬಾರಿಯಾದಾಗ, ೧೯೯೨ರಲ್ಲಿ ತಾವೇ ತಯಾರಿಸಲು ಅರೋಲ್ಯಾಬ್ ಎಂಬ ಕಾರ್ಖಾನೆಯನ್ನು ತೆರೆದು ಬೆಲೆಯನ್ನು ಎಷ್ಟೋ ಪಾಲು ಇಳಿಸಿದರು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಡಾಕ್ಟರ್ ದೇವಿ ಶೆಟ್ಟಿಯವರು ಬೆಂಗಳೂರಿನ ಹೊರವಲಯದಲ್ಲಿ ನಾರಾಯಣ ಹೃದಯಾಲಯವನ್ನು ಕಟ್ಟಿ, ಹೃದಯದ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ತಗ್ಗಿಸಲು ಯತ್ನಿಸಿದರು. ಅವರ ಪ್ರೇರಣೆಯಿಂದ ಸಹಕಾರ ಸಂಘಗಳ ರೈತರಿಗಾಗಿ ೨೦೦೩ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯು ನಿಮ್ಮಲ್ಲಿ ಅನೇಕರಿಗೆ ಪರಿಚಿತವೇ ಆಗಿರುವುದು. ಆಗ ಒಬ್ಬ ಸದಸ್ಯನ ಪಾಲಿಗೆ ತಿಂಗಳಿಗೆ ೫ ರೂಪಾಯಿ. ಲಕ್ಷಾಂತರ ಮಂದಿಯ ಐದೈದು ರೂಪಾಯಿಗಳು ಕೂಡಿದರೆ ಒಬ್ಬ ಬಡ ರೈತನ ಶಸ್ತ್ರಚಿಕಿತ್ಸೆಯಾಗುತ್ತದೆ. ಇದನ್ನು ಕಂಡುಹಿಡಿದುದು ದಯೆಯುಳ್ಳ ಹೃದಯ ಮಾತ್ರವಲ್ಲ, ಕೂಡಿ ಭಾಗಿಸಬಲ್ಲ ಬುದ್ಧಿಯೂ ಹೌದು.

ಇಲ್ಲಿ ಒಂದು ಸ್ವಾರಸ್ಯವುಂಟು. ಈ ಎರಡು ಆಸ್ಪತ್ರೆಗಳ ಕಾರ್ಯಕ್ರಮವನ್ನೂ ಹಾರ್ವರ್ಡ್ ವ್ಯವಹಾರಶಾಲೆಯವರು ಪಾಠವಾಗಿ ಬರೆದಿಟ್ಟಿರುವರು. ಅರವಿಂದದ್ದು ೧೯೯೩ರಲ್ಲಿ, ಹೃದಯಾಲಯದ್ದು ೨೦೦೫ರಲ್ಲಿ. ಚನ್ನಗಿರಿಯ ಹುಡುಗಿಯು ತೋಟವನ್ನು ಮಾರಿ ಸಮುದ್ರವನ್ನು ದಾಟಿ ಹೋದರೆ, ಅಲ್ಲಿಯ ಗುರುಗಳು ಆಕೆಯ ಮುಂದೆ ಮಧುರೆಯ ಕಥೆಯನ್ನೇ ಇಟ್ಟಾರು. ಹಾಗಾದರೆ ಹೋಗುವುದು ವ್ಯರ್ಥವೋ? ಅಲ್ಲವೆಂದೇ ನಮ್ಮ ಮತ. ತನ್ನ ಮನೆಯನ್ನು ಎದುರು ದಂಡೆಯಿಂದ ನೋಡಿದಾಗಲೇ ಅದರ ಗೋಡೆಯ ವಾರೆಕೋರೆಗಳು ಕಾಣುವುದುಂಟು. ನಾನಾ ದೇಶಗಳ ಸಹಪಾಠಿಗಳ ಜೊತೆಯಲ್ಲಿ ಕುಳಿತು ವಾದಿಸುವುದರಿಂದ, ಬಂಡವಾಳಗಾರರ ಮುಂದೆ ಎದೆಗುಂದದೆ ನಿಂತು ಮಾತನಾಡುವುದನ್ನು ಕಲಿಯುವುದರಿಂದ, ನಮ್ಮ ಹೆಣ್ಣುಮಕ್ಕಳಿಗೆ ಆಗುವ ಲಾಭವು ಅಲ್ಪವಾದುದಲ್ಲ.

ಆದರೆ ಆ ವಿದ್ಯೆಯು ಕಲಿಸದ ಸಂಗತಿಗಳೂ ಬಹಳ ಉಂಟು. ನಮ್ಮ ರಾಜ್ಯದಲ್ಲಿ ಒಂದು ಚಿಕ್ಕ ಚಿಕಿತ್ಸಾಲಯವನ್ನು ತೆರೆಯಬೇಕಾದರೂ ೨೦೦೭ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ನೋಂದಣಿಯಾಗತಕ್ಕದ್ದು. ಗರ್ಭಿಣಿಯರ ಸ್ಕ್ಯಾನಿಂಗ್ ಯಂತ್ರವನ್ನು ಇಡಬೇಕಾದರೆ ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ೧೯೯೪ರ ಕಾಯಿದೆಗೆ ಬದ್ಧರಾಗತಕ್ಕದ್ದು. ಆಸ್ಪತ್ರೆಯ ಕಸವನ್ನು ಬೇರ್ಪಡಿಸಿ ಕಳುಹಿಸಲು ೨೦೧೬ರ ನಿಯಮಗಳುಂಟು. ಇವುಗಳನ್ನು ಲಂಡನ್ನಿನಲ್ಲಿ ಯಾರೂ ಹೇಳಿಕೊಡಲಾರರು. ಕಾಯಿದೆಗಳನ್ನಾದರೂ ಪುಸ್ತಕದಿಂದ ತಿಳಿಯಬಹುದು. ಜಗಳೂರಿನ ಬೆದ್ದಲು ಹೊಲದಲ್ಲಿ ಕೂಲಿ ಮಾಡುವ ಹೆಂಗಸು ರಕ್ತಪರೀಕ್ಷೆಗೆಂದು ದಾವಣಗೆರೆಗೆ ಬಂದರೆ, ಪರೀಕ್ಷೆಯ ಶುಲ್ಕದ ಜೊತೆಗೆ ಬಸ್ಸಿನ ಖರ್ಚೂ, ಆ ದಿನದ ಕೂಲಿಯೂ, ಫಲಿತಾಂಶವನ್ನು ತೆಗೆದುಕೊಳ್ಳಲು ಮತ್ತೊಮ್ಮೆ ಬರುವ ಇನ್ನೊಂದು ದಿನದ ಕೂಲಿಯೂ ಹೋಗುತ್ತದೆಂಬುದು ಯಾವ ಪುಸ್ತಕದಲ್ಲಿದೆ? ಅಡಿಕೆಯ ಸೀಮೆಯಲ್ಲಿ ಕೊಯ್ಲಿನ ನಂತರ ಕೈಯಲ್ಲಿ ಹಣವಿರುವುದೆಂದೂ, ಮಳೆಗಾಲದಲ್ಲಿ ಜ್ವರ ಬಂದಾಗ ಇರುವುದಿಲ್ಲವೆಂದೂ, ಆದಕಾರಣ ಶುಲ್ಕವನ್ನು ಹೇಗೆ ವಸೂಲು ಮಾಡಬೇಕೆಂದೂ ತಿಳಿಯಬೇಕಾದರೆ, ಊರಿನಲ್ಲಿದ್ದು ಕಣ್ಣು ತೆರೆದು ನೋಡಬೇಕು.

ನೋಡಿ ಆರಂಭಿಸಿದವರೂ ಇರುವರು. ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಅಶ್ವಿನ್ ನಾಯ್ಕ್, ವೀರೇಂದ್ರ ಹಿರೇಮಠ ಎಂಬ ಇಬ್ಬರು ವೈದ್ಯರು, ೨೦೦೫ರ ಸುಮಾರಿಗೆ ಹುಬ್ಬಳ್ಳಿಯಲ್ಲಿ ವಾತ್ಸಲ್ಯವೆಂಬ ಆಸ್ಪತ್ರೆಯನ್ನು ತೆರೆದರು. ಮುಂದೆ ಗದಗ ಮೊದಲಾದ ಚಿಕ್ಕ ಊರುಗಳಿಗೆ ಅದನ್ನು ವಿಸ್ತರಿಸಿದರು. ಇವರಲ್ಲಿ ನಾಯ್ಕರು ಅಮೇರಿಕಾದಲ್ಲಿ ಓದಿ ದುಡಿದು ಬಂದವರು. ಸ್ವಂತ ಕಟ್ಟಡಕ್ಕೆ ಹಣ ಸುರಿಯದೆ ಬಾಡಿಗೆಯ ಕಟ್ಟಡ. ಎಲ್ಲ ರೋಗಗಳಿಗೂ ಕೈಹಾಕದೆ ಹೆರಿಗೆ, ಮಕ್ಕಳ ಚಿಕಿತ್ಸೆ, ಸಾಧಾರಣ ಶಸ್ತ್ರಚಿಕಿತ್ಸೆಗಳಂಥ ನಿತ್ಯದ ಅವಶ್ಯಕತೆಗಳು ಮಾತ್ರ. ಇದು ಅವರ ಕ್ರಮವಾಗಿತ್ತು. ಚಿಕ್ಕ ಊರಿಗೆ ತಜ್ಞ ವೈದ್ಯರನ್ನು ಒಲಿಸಿ ಕರೆತಂದು ನಿಲ್ಲಿಸುವುದು ಎಂಥ ಕಷ್ಟವೆಂಬುದನ್ನು ಇಂಥ ಕೆಲಸಕ್ಕಿಳಿದ ಪ್ರತಿಯೊಬ್ಬರೂ ಅನುಭವಿಸಿರುವರು. ನಮ್ಮ ಹುಡುಗಿಯರು ಹೊರಡುವ ಮುನ್ನ ಇದನ್ನೂ ತಿಳಿದಿರತಕ್ಕದ್ದು.

ಈಗ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿರುವುದು. ಸುಮಾರು ಹದಿನೈದು ವರ್ಷಗಳ ಹಿಂದೆ, ಜಗಳೂರು ಕಡೆಯ ಒಬ್ಬ ವಿದ್ಯಾರ್ಥಿನಿಯು ನಮ್ಮ ಬಳಿಗೆ ಬಂದು, “ನನಗೆ ನರ್ಸಿಂಗ್ ಮುಗಿದ ಮೇಲೆ ಆಸ್ಪತ್ರೆಯ ಆಡಳಿತವನ್ನು ಓದಬೇಕೆಂದಿದೆ” ಎಂದಳು. ವಿದ್ಯಾರ್ಥಿನಿಲಯದ ಅಕ್ಕಿಬೇಳೆಯ ಲೆಕ್ಕವನ್ನು ಒಂದು ಕಾಳೂ ತಪ್ಪದಂತೆ ಇಟ್ಟ ಹುಡುಗಿ ಅವಳು. ಆದರೂ ನಾವು, “ಮಗಳೇ, ಹೆಣ್ಣಿಗೆ ಸೇವೆ ಸಾಕು, ಯಜಮಾನಿಕೆಯ ಗೊಡವೆ ಏಕೆ?” ಎಂದುಬಿಟ್ಟೆವು. ಅವಳು ನಮ್ಮ ಮಾತನ್ನು ಮೀರಲಿಲ್ಲ. ಈಗ ಕೊಲ್ಲಿಯ ದೇಶವೊಂದರಲ್ಲಿ ಹಿರಿಯ ದಾದಿಯಾಗಿರುವಳು, ಸಂಬಳವೂ ಚೆನ್ನಾಗಿದೆ. ಹೋದ ವರ್ಷ ಅವಳಿಂದ ಒಂದು ಕಾಗದ ಬಂದಿತು. ತನ್ನ ವಾರ್ಡಿನ ನಲವತ್ತು ಮಂದಿಯ ಕೆಲಸದ ಪಾಳಿಯನ್ನೂ ಔಷಧಗಳ ಲೆಕ್ಕವನ್ನೂ ತಾನೇ ನೋಡುತ್ತಿರುವುದಾಗಿಯೂ, ಆಡಳಿತದ ಪದವಿಯನ್ನು ಹಿಡಿದು ಬರುವ ಕಿರಿಯರಿಗೆ ತಾನೇ ಕೆಲಸ ಕಲಿಸುವುದಾಗಿಯೂ, ಆರು ತಿಂಗಳಲ್ಲಿ ಅವರೇ ತನಗೆ ಮೇಲಧಿಕಾರಿಗಳಾಗುವುದಾಗಿಯೂ ಬರೆದಿದ್ದಳು. ನಮ್ಮನ್ನು ಅವಳು ದೂರಿರಲಿಲ್ಲ, ಸಮಾಚಾರವನ್ನಷ್ಟೇ ತಿಳಿಸಿದ್ದಳು. ಆ ಕಾಗದವನ್ನು ನಾವು ಎರಡನೆಯ ಸಾರಿ ಓದಲಾರದೆ ಮಡಚಿಟ್ಟೆವು.

ಆದಕಾರಣ ಹೆಣ್ಣುಮಕ್ಕಳಿಗೆ ಇದು ತಕ್ಕುದಲ್ಲವೆಂಬ ಮಾತನ್ನು ನಾವು ಇನ್ನು ಒಪ್ಪಲಾರೆವು. ಬೆಂಗಳೂರಿನಲ್ಲಿ ಹುಟ್ಟಿದ ಕಿರಣ್ ಮಜುಂದಾರ್ ಅವರು ಆಸ್ಟ್ರೇಲಿಯಾದಲ್ಲಿ ಮದ್ಯ ತಯಾರಿಕೆಯ ಶಾಸ್ತ್ರವನ್ನು ಓದಿ ಬಂದಾಗ, ಹೆಂಗಸೆಂಬ ಕಾರಣದಿಂದ ಆ ಉದ್ಯೋಗವು ದೊರೆಯಲಿಲ್ಲ. ೧೯೭೮ರಲ್ಲಿ ೧೦,೦೦೦ ರೂಪಾಯಿ ಬಂಡವಾಳದಿಂದ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದಾಗ ಬ್ಯಾಂಕುಗಳೂ ಹಿಂಜರಿದುವು. ಅದೇ ಸಂಸ್ಥೆಯು ಮುಂದೆ ಮಧುಮೇಹಿಗಳಿಗೆ ಬೇಕಾದ ಇನ್ಸುಲಿನನ್ನು ತಯಾರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಡಾಕ್ಟರೇಟ್ ಹೊಂದಿ, ಅಮೇರಿಕಾದ ಕೆಲಾಗ್ ಶಾಲೆಯಲ್ಲಿ ಆಡಳಿತದ ಶಿಕ್ಷಣವನ್ನೂ ಪಡೆದ ಗೀತಾ ಮಂಜುನಾಥ್ ಅವರು, ೨೦೧೬ರಲ್ಲಿ ನಿರಾಮಯಿ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ದೇಹದ ಶಾಖದ ಚಿತ್ರವನ್ನು ತೆಗೆದು, ರೋಗಿಯನ್ನು ಮುಟ್ಟದೆಯೇ ಸ್ತನದ ಕ್ಯಾನ್ಸರಿನ ಸೂಚನೆಗಳನ್ನು ಹುಡುಕುವುದು ಅವರ ವಿಧಾನ. ನಮ್ಮ ಹಳ್ಳಿಗಳ ಸ್ತ್ರೀಯರು ಸಂಕೋಚದಿಂದಲೇ ಈ ರೋಗವನ್ನು ಮುಚ್ಚಿಟ್ಟು ಪ್ರಾಣ ಕಳೆದುಕೊಳ್ಳುವುದನ್ನು ಬಲ್ಲವರಿಗೆ, ಇಂಥ ಉದ್ಯಮಕ್ಕೆ ಸ್ತ್ರೀಯೇ ಕೈಹಾಕಿದುದು ಏಕೆ ಮುಖ್ಯವೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಹೊನ್ನಾಳಿಯ ತಂದೆಯವರ ಪ್ರಶ್ನೆಯು ಎಲ್ಲಕ್ಕಿಂತ ತೀಕ್ಷ್ಣವಾಗಿತ್ತು: “ಹೋದವಳು ತಿರುಗಿ ಬರುತ್ತಾಳೆಯೇ?” ಇದಕ್ಕೆ ನಾವು ಮಗಳ ಮನಸ್ಸನ್ನು ಪರೀಕ್ಷಿಸುವ ಬದಲು ಸಾಲದ ಪತ್ರವನ್ನು ಪರೀಕ್ಷಿಸಬೇಕೆಂದು ಹೇಳುತ್ತೇವೆ. ೬೦ ಲಕ್ಷ ರೂಪಾಯಿ ಸಾಲವನ್ನು ನೂರಕ್ಕೆ ೧೦ರ ವಾರ್ಷಿಕ ಬಡ್ಡಿಯಂತೆ ತೆಗೆದು, ೧೫ ವರ್ಷಗಳಲ್ಲಿ ತೀರಿಸುವುದಾದರೆ, ತಿಂಗಳ ಕಂತು ಸುಮಾರು ೬೪,೫೦೦ ರೂಪಾಯಿ. ಓದುವ ಕಾಲದ ಬಡ್ಡಿಯು ಇದರಲ್ಲಿ ಸೇರಿಲ್ಲ. ಜಗಳೂರಿನಲ್ಲಿಯೋ ನ್ಯಾಮತಿಯಲ್ಲಿಯೋ ಚಿಕಿತ್ಸಾಲಯವನ್ನು ತೆರೆದು, ಒಬ್ಬ ರೋಗಿಯಿಂದ ಖರ್ಚೆಲ್ಲ ಕಳೆದು ೫೦ ರೂಪಾಯಿ ಉಳಿಯುವುದೆಂದು ಇಟ್ಟುಕೊಳ್ಳೋಣ. ಆ ಕಂತೊಂದಕ್ಕೇ ತಿಂಗಳಿಗೆ ೧,೨೯೦ ರೋಗಿಗಳು, ಎಂದರೆ ಕೆಲಸದ ದಿನವೊಂದಕ್ಕೆ ಸುಮಾರು ೫೦ ಮಂದಿ ಬೇಕು. ಅಷ್ಟಾದ ಮೇಲೆ ಆಕೆಯ ಊಟದ ಮಾತು. ಸಾಲವು ೨೦ ಲಕ್ಷವಾದರೆ ಕಂತು ಸುಮಾರು ೨೧,೫೦೦. ದಿನಕ್ಕೆ ೧೭ ಮಂದಿ ಸಾಕು. ಮೊದಲನೆಯ ಲೆಕ್ಕದವಳು ಎಷ್ಟೇ ಒಳ್ಳೆಯವಳಾಗಿದ್ದರೂ ನ್ಯೂಯಾರ್ಕಿನಲ್ಲಿಯೋ ಮುಂಬಯಿಯಲ್ಲಿಯೋ ಉಳಿಯಲೇಬೇಕು, ಇಲ್ಲವೆ ಬಡವರಿಂದ ಹೆಚ್ಚು ಶುಲ್ಕವನ್ನು ಎಳೆಯಲೇಬೇಕು. ಎರಡನೆಯವಳಿಗೆ ಊರಿಗೆ ಬರುವ ಸ್ವಾತಂತ್ರ್ಯವಿರುವುದು. ಮಗಳು ತಿರುಗಿ ಬರುವುದೂ ಬಾರದಿರುವುದೂ ಬಹುಮಟ್ಟಿಗೆ ಹೊರಡುವ ದಿನವೇ ನಿಶ್ಚಯವಾಗಿರುತ್ತದೆ.

ಹೀಗಿರಲು, ನಮ್ಮ ಅಭಿಪ್ರಾಯವನ್ನು ಸಂಗ್ರಹಿಸಿ ಹೇಳುತ್ತೇವೆ. ಓದುವ ಆಸೆಯುಳ್ಳ ಹುಡುಗಿಯನ್ನು ತಡೆಯಬೇಡಿರಿ. ಆದರೆ ಆಕೆಯು ಮೊದಲು ಒಂದು ವರ್ಷವಾದರೂ ತಾನು ಸೇವೆಮಾಡಬೇಕೆಂದಿರುವ ತಾಲ್ಲೂಕಿನಲ್ಲಿಯೇ ದುಡಿಯಲಿ. ತೋಟವನ್ನು ಮಾರುವುದಕ್ಕೆ ಮೊದಲು ಬೇರೆಯ ದಾರಿಗಳನ್ನು ನೋಡಿರಿ. ಒಂದೇ ವರ್ಷದ ತರಗತಿಗಳಿವೆ. ೧೮೯೨ರಿಂದ ನಡೆದುಬಂದಿರುವ ಜೆ. ಎನ್. ಟಾಟಾ ದತ್ತಿಯಂಥ ಸಾಲರೂಪದ ವಿದ್ಯಾರ್ಥಿವೇತನಗಳಿವೆ. ಶಾಲೆಗಳೇ ಕೊಡುವ ಶುಲ್ಕ ವಿನಾಯಿತಿಗಳಿವೆ. ಇವು ಯಾವುವೂ ಒದಗದಿದ್ದರೆ, ೧೯೭೩ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ಆಡಳಿತ ಮಂದಿರದಂಥ ಸಂಸ್ಥೆಗಳು ನಮ್ಮ ದೇಶದಲ್ಲಿಯೇ ಇರುವುವು. ಅಲ್ಲಿ ಸ್ಥಳ ಸಿಕ್ಕುವುದು ವಿದೇಶದಲ್ಲಿ ಸಿಕ್ಕುವುದಕ್ಕಿಂತ ಸುಲಭವೆಂದು ಯಾರೂ ತಿಳಿಯಬಾರದು. ಹೆಸರೇ ಕೇಳದ ವಿದೇಶೀ ಕಾಲೇಜಿಗೆ ಮಧ್ಯವರ್ತಿಯ ಮಾತನ್ನು ನಂಬಿ ಹಣ ಕಟ್ಟುವುದಂತೂ ಬೇಡವೇ ಬೇಡ. ಇನ್ನೊಂದು ಮಾತನ್ನು ತಂದೆತಾಯಿಗಳು ಕ್ಷಮಿಸಬೇಕು. ಮಗಳ ಮದುವೆಗೆಂದು ಸಾಲ ಮಾಡಲು ಒಂದು ಕ್ಷಣವೂ ಯೋಚಿಸದವರು, ಅವಳ ವಿದ್ಯೆಗೆಂದಾಗ ಮಾತ್ರ ಬಡ್ಡಿಯ ಲೆಕ್ಕವನ್ನು ಹಾಕುವುದನ್ನು ನಾವು ನೋಡಿದ್ದೇವೆ. ಲೆಕ್ಕವನ್ನು ಎರಡಕ್ಕೂ ಹಾಕಿರಿ.

ಚನ್ನಗಿರಿಯ ಹುಡುಗಿಗೆ ನಾವು ಇದನ್ನೇ ಹೇಳಿದೆವು. ಆಕೆಯು ಬೆಂಗಳೂರಿನ ಕೆಲಸವನ್ನು ಬಿಟ್ಟು ಊರಿಗೆ ಬಂದು, ಒಂದು ಔಷಧದ ಅಂಗಡಿಯಲ್ಲಿ ದುಡಿಯುತ್ತ, ರಜಾದಿನಗಳಲ್ಲಿ ಹಳ್ಳಿಗಳನ್ನು ಸುತ್ತಿ, ಯಾರು ಯಾವ ಕಾಯಿಲೆಗೆ ಎಷ್ಟು ದೂರ ಹೋಗುತ್ತಾರೆ, ಎಷ್ಟು ಖರ್ಚು ಮಾಡುತ್ತಾರೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡಳು. ಹತ್ತು ತಿಂಗಳ ಮೇಲೆ ಆ ಪುಸ್ತಕವನ್ನು ನಮಗೆ ತಂದು ತೋರಿಸಿದಳು. ಹಾಸಿಗೆಗಳ ಆಸ್ಪತ್ರೆಯ ಯೋಚನೆಯನ್ನು ಆಕೆಯು ಕೈಬಿಟ್ಟಿದ್ದಳು. ಹಳ್ಳಿಗಳಲ್ಲಿಯೇ ರಕ್ತವನ್ನು ಸಂಗ್ರಹಿಸಿ ತಂದು ಪರೀಕ್ಷಿಸಿ, ಫಲಿತಾಂಶವನ್ನು ಮನೆಗೆ ಮುಟ್ಟಿಸುವ ಪ್ರಯೋಗಶಾಲೆಯೇ ಮೊದಲು ಬೇಕಾದುದೆಂದು ಆಕೆಗೆ ತಿಳಿದಿತ್ತು. ಅದಕ್ಕೆ ಬಂಡವಾಳವೂ ಕಡಿಮೆ. ಈಗ ಒಂದು ವರ್ಷದ ತರಗತಿಗೆ ಅರ್ಜಿಯನ್ನು ಹಾಕಿ, ವಿದ್ಯಾರ್ಥಿವೇತನದ ಉತ್ತರಕ್ಕಾಗಿ ಕಾದಿರುವಳು. ತೋಟವು ಇನ್ನೂ ತಂದೆಯ ಹೆಸರಿನಲ್ಲಿಯೇ ಇದೆ.

ಕೊನೆಗೆ, ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮಲ್ಲಿ ವೈದ್ಯರಿದ್ದೀರಿ, ದಾದಿಯರಿದ್ದೀರಿ, ಬ್ಯಾಂಕಿನಲ್ಲಿಯೂ ಲೆಕ್ಕಪರಿಶೋಧನೆಯಲ್ಲಿಯೂ ಇರುವವರಿದ್ದೀರಿ, ವಿದೇಶಗಳಲ್ಲಿ ನೆಲೆಸಿರುವವರೂ ಇದ್ದೀರಿ. ಇಂಥ ಹುಡುಗಿಯರ ಅರ್ಜಿಗಳನ್ನು ಓದಿ ತಿದ್ದುವುದಕ್ಕೂ, ಅವರ ಲೆಕ್ಕವನ್ನು ಪರೀಕ್ಷಿಸುವುದಕ್ಕೂ, ಸಾಧ್ಯವಾದರೆ ಬಡ್ಡಿಯಿಲ್ಲದ ಒಂದು ಚಿಕ್ಕ ಸಾಲನಿಧಿಯನ್ನು ಕೂಡಿಸುವುದಕ್ಕೂ ನೀವು ಮುಂದೆ ಬಂದರೆ, ನಾವು ಶಾಲೆಯಲ್ಲಿ ಅದಕ್ಕೊಂದು ಪುಸ್ತಕವನ್ನು ತೆರೆಯಲು ಸಿದ್ಧರಾಗಿರುವೆವು. ಜಗಳೂರಿನ ನಮ್ಮ ವಿದ್ಯಾರ್ಥಿನಿಗೆ ಈ ಯೋಚನೆಯನ್ನು ತಿಳಿಸಿ ಕಾಗದ ಬರೆದೆವು. ಮೊದಲನೆಯ ವಂತಿಗೆಯು ಅವಳಿಂದಲೇ ಬಂದಿರುವುದು.